ಮುಂಗುಸಿಗೊಂದು ತಂತಿ

ಉಮಾನಾಥ ಕಟ್ಟಿದ ಕರೆಂಟು ಬೇಲಿಯಲ್ಲಿ ಯಾವ ದೋಷವೂ ಇರಲಿಲ್ಲ. ಹೀಗೆಂದು ಅವನು ಹೆಂಡತಿಗೆ ಹೇಳಿದ್ದ, ಪಕ್ಕದ ಕ್ವಾರ್ಟರ್ಸಿನ ನರಸಿಂಹಮೂರ್ತಿಗೆ ಹೇಳಿದ್ದ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೇಳದವರಿಗೂ ಹೇಳಿದ್ದ. ಹೇಳದೆ ಬಿಟ್ಟದ್ದು ಮುಂಗುಸಿಗೆ ಮಾತ್ರ. ಅದು ಬಿಸಿಲೇರುವ ಹೊತ್ತಿಗೆ ಕಾಲೊನಿಯ ಆಚೆಯ ದ್ರಾಕ್ಷಿ ತೋಟದಿಂದ ಹೊರಟು ಬಂದು, ತಂತಿಯನ್ನು ಒಮ್ಮೆ ಮೂಸಿ, ಕೆಳಗಿನಿಂದ ನುಸುಳಿ, ಬೇಕಾದ್ದನ್ನು ಬಾಯಲ್ಲಿ ಕಚ್ಚಿಕೊಂಡು, ಅವಸರವಿಲ್ಲದೆ ಹಿಂದಿರುಗುತ್ತಿತ್ತು. ಮುಂಗುಸಿ ನೋಡಿ, ಹಿಂಜರಿಕೆ ಎಂಬುದು ಅದರ ಹೆಸರಿನಲ್ಲೇ ಇಲ್ಲ.

ಉಮಾನಾಥ ಮಂಗಳೂರಿನ ಕಡೆಯವನು. ನಾಸಿಕದಿಂದ ಬಸ್ಸು ಹತ್ತಿದರೆ ಸಿಗುವ ಓಝರಿನ ವಿಮಾನ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಯುದ್ಧವಿಮಾನದ ಹೊಟ್ಟೆಯೊಳಗೆ ಅರ್ಧ ದೇಹ ತೂರಿಸಿ, ಕೂದಲೆಳೆಯಂಥ ತಂತಿಗಳಲ್ಲಿ ಯಾವುದು ಎಲ್ಲಿ ಸತ್ತಿದೆ ಎಂದು ಬೆರಳಿನಲ್ಲೇ ಕಂಡುಹಿಡಿಯುವವನು. ಹೊರಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದುದರಿಂದ ಹೊಸಬರಿಗೆ ಅವನ ಮುಖಕ್ಕಿಂತ ಬೂಟಿನ ಪರಿಚಯವೇ ಹೆಚ್ಚು. ಅಂಥವನು ಹಿತ್ತಲಿನ ಬೇಲಿಯ ಮುಂದೆ ಸೋತು ಕುಕ್ಕರಗಾಲಿನಲ್ಲಿ ಕೂತಿದ್ದ.

ಕೋಳಿಗಳು ಬಂದ ಕಥೆ ಹೇಳಬೇಕು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಜಲಜಾಕ್ಷಿ ಮಾತು ಬಿಟ್ಟಳು. ಸಿಟ್ಟಿನಿಂದಲ್ಲ, ಮಾತಾಡಲು ಜನವಿಲ್ಲದೆ. ಸುತ್ತಲಿನವರೆಲ್ಲ ಮರಾಠಿ. ಗಂಡ ಬೆಳಿಗ್ಗೆ ಸೈರನ್ನಿಗೆ ಹೋದರೆ ಸಂಜೆ ಸೈರನ್ನಿಗೆ ಬರುತ್ತಾನೆ. ಊರಿನಲ್ಲಿ ಬಾವಿಕಟ್ಟೆಯಲ್ಲಿ ನಿಂತರೆ ಕೊಡ ತುಂಬಿ ಹರಿದರೂ ಮಾತು ನಿಲ್ಲಿಸದವಳು ಇಲ್ಲಿ "ಊಟಕ್ಕೆ ಬಡಿಸಲಾ" ಎಂಬುದಕ್ಕೆ ಇಳಿದಿದ್ದಳು. ಆ ಹೊತ್ತಿಗೆ ಉಮಾನಾಥ ಕೆಲಸದ ಮೇಲೆ ಔರಂಗಾಬಾದಿಗೆ ಹೋದ. ಅಲ್ಲಿನ ಸ್ಟ್ಯಾಂಡಿನಲ್ಲಿ 'ಕನ್ನಡ' ಎಂದು ಬೋರ್ಡು ಹಾಕಿಕೊಂಡು ಒಂದು ಕೆಂಪು ಬಸ್ಸು ನಿಂತಿತ್ತು. ಕನ್ನಡ ಎಂಬುದು ಅಲ್ಲಿಯ ಒಂದು ತಾಲೂಕು ಊರು. ಅದು ಅವನಿಗೆ ಗೊತ್ತಿತ್ತು. ಆದರೂ ಆ ಹೆಸರಿನ ಬಸ್ಸು ಬಿಟ್ಟು ಬೇರೆ ಬಸ್ಸು ಹತ್ತಲು ಮನಸ್ಸು ಬರಲಿಲ್ಲ. ಹೋಗಿ ನೋಡಿದರೆ ಕನ್ನಡದಲ್ಲಿ ಒಬ್ಬನಿಗೂ ಕನ್ನಡ ಬರುತ್ತಿರಲಿಲ್ಲ. ಸಂತೆ ಮಾತ್ರ ಜೋರಾಗಿತ್ತು. ಬರಿಗೈಯಲ್ಲಿ ಬರಲಾರದೆ ಒಂದು ಬುಟ್ಟಿ ಕೋಳಿ ಹಿಡಿದುಕೊಂಡು ಬಂದ.

"ಎಂತ ಮಾರಾಯ್ರೆ ಇದು?" ಎಂದಳು ಜಲಜಾಕ್ಷಿ.

"ಕನ್ನಡದ ಕೋಳಿಗಳು. ಮಾತಾಡ್ಲಿಕ್ಕೆ ಜನ ಇಲ್ಲ ಅಂತಿದ್ದಿಯಲ್ಲ."

ಅವಳು ಆ ವಾರ ಮೊದಲ ಸಲ ನಕ್ಕಳು. ಕೋಳಿಗಳ ಜೊತೆ ಮಾತೂ ಶುರುವಾಯಿತು. ಆಮೇಲೆ ಮೊಟ್ಟೆ ಬಂತು, ಮೊಟ್ಟೆಯ ಹಿಂದೆ ಎದುರು ಮನೆಯ ಆಹೇರ್ ವಹಿನಿ, ಅಂದರೆ ಆಹೇರ್ ಅತ್ತಿಗೆ, ಬಂದಳು. ದೂರದ ಸಟಾಣಾ ಊರಿನವಳು, ದನಿ ಎತ್ತಿದರೆ ಸಟಾಣಾಕ್ಕೇ ಕೇಳಬೇಕು. "ಅಹೋ ಜಲಜಾ ವಹಿನೀ, ಅಂಡೀ ಆಹೇತ್ ಕಾ?" ಮೊಟ್ಟೆ ಇವೆಯಾ ಎಂದು ಕೇಳಲು ಬಂದವಳು ಕಟ್ಟೆಯ ಮೇಲೆ ಕೂತರೆ ಕುಕ್ಕರು ಕೂಗುವವರೆಗೆ ಏಳುತ್ತಿರಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಮೂವರು. ವರ್ಷ ಕಳೆಯುವುದರಲ್ಲಿ ಜಲಜಾಕ್ಷಿಯ ಮರಾಠಿ ಮೊಟ್ಟೆಯೊಡೆದು ಹೊರಬಂದು, ರೆಕ್ಕೆ ಬಡಿದು, ಓಣಿಯ ತುಂಬ ಓಡಾಡತೊಡಗಿತು. ಈಗ ಊಟಕ್ಕೆ ಬಡಿಸುತ್ತ ಯಾರ ಮನೆಯ ಸೊಸೆ ಯಾರಿಗೆ ಏನೆಂದಳು ಎಂಬುದನ್ನು ಅತ್ತೆಯ ದನಿಯಲ್ಲೊಮ್ಮೆ ಸೊಸೆಯ ದನಿಯಲ್ಲೊಮ್ಮೆ ಹೇಳುತ್ತಿದ್ದಳು. ಉಮಾನಾಥನಿಗೆ ಕೋಳಿ ಎಂದರೆ ಇದು.

ಆಗ ಮುಂಗುಸಿ ಬಂತು. ಮೊದಲು ಮೊಟ್ಟೆ, ಆಮೇಲೆ ಮರಿ, ಆಮೇಲೆ ಒಂದು ಕಪ್ಪು ಹೇಟೆ. ಬೇಲಿ ಕಟ್ಟಿದ ಮೇಲೂ ಒಂದು ಹೋಯಿತು. ಆ ದಿನ ಜಲಜಾಕ್ಷಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು:

"ಸಾಕು. ಆಹೇರ್ ವಹಿನಿಯ ಮೈದುನ ಆದಿತ್ಯವಾರ ಈರುಳ್ಳಿ ಇಳಿಸಿ ಟೆಂಪೊ ಖಾಲಿ ತಕ್ಕೊಂಡು ಹೋಗ್ತಾನಂತೆ. ಅವರ ತೋಟದಲ್ಲಿ ನಾಯಿ ಉಂಟು, ಗೋಡೆ ಉಂಟು. ಎಲ್ಲ ಕೋಳಿಯನ್ನೂ ಕೊಟ್ಟುಬಿಡ್ತೇನೆ. ಮುಂಗುಸಿಯ ಹೊಟ್ಟೆಯಲ್ಲಿ ಇರುವುದಕ್ಕಿಂತ ಸಟಾಣಾದಲ್ಲಿ ಇರ್ಲಿ."

"ಆದಿತ್ಯವಾರದ ಒಳಗೆ ಬೇಲಿ ಸರಿಮಾಡ್ತೇನೆ."

"ಸರಿ ಉಂಟು ಅಂತಲೇ ಹೇಳಿದ್ದಲ್ವಾ ನೀವು?"

ಫೋರ್‌ಮನ್ ಸ್ಕ್ರೂಡ್ರೈವರು ಹುಡುಕಲು ಹೋದ. ಕೋಳಿಗಳ ಹಿಂದೆ ಕಟ್ಟೆಯ ಹರಟೆಯೂ ಟೆಂಪೊ ಹತ್ತಿದರೆ ಮತ್ತೆ "ಊಟಕ್ಕೆ ಬಡಿಸಲಾ" ಮಾತ್ರ ಉಳಿಯುತ್ತದೆ.

ಬೇಲಿ ನಿಜಕ್ಕೂ ಚೆಂದದ ಕೆಲಸ. ಕೋಳಿಗೂಡು ಎಂದರೆ ಗುಜರಿಯಲ್ಲಿ ಸಿಕ್ಕ ಒಂದು ಜೀಪಿನ ಟ್ರೇಲರು. ಎರಡು ರಬ್ಬರು ಟಯರಿನ ಮೇಲೆ ನಿಂತ ಕಬ್ಬಿಣದ ತಗಡಿನ ತೊಟ್ಟಿ, ಮೂತಿಗೆ ಆಸರೆಯಾಗಿ ಒಂದು ಮರದ ದಿಮ್ಮಿ, ಮೇಲೆ ತಗಡಿನ ಮುಚ್ಚಳ. ಹಾವು ಹತ್ತಬಾರದು, ಮಳೆನೀರು ನುಗ್ಗಬಾರದು ಎಂದು ಅವನೇ ಆರಿಸಿದ್ದ. ಅದರ ಸುತ್ತ ಗೂಟ, ಗೂಟಕ್ಕೆ ಪಿಂಗಾಣಿ ಬಿಲ್ಲೆ, ಬಿಲ್ಲೆಗೆ ಎರಡು ಸಾಲು ತಂತಿ. ಕರೆಂಟಿಗೆ ಬ್ಯಾಟರಿ, ಹಳೆಯ ಜೀಪಿನ ಇಗ್ನಿಷನ್ ಕಾಯಿಲು ಮತ್ತು ಲಾರಿಯ ಪಕ್ಕದ ದೀಪವನ್ನು ಮಿಣುಕಿಸುವ ಫ್ಲ್ಯಾಶರು. ಫ್ಲ್ಯಾಶರು ಟಕ್ ಎಂದಾಗಲೆಲ್ಲ ಕಾಯಿಲು ಒಂದು ಏಟನ್ನು ತಂತಿಗೆ ಕಳಿಸುತ್ತಿತ್ತು. ಕೊಲ್ಲುವಂಥದ್ದಲ್ಲ, ಮರೆಯುವಂಥದ್ದೂ ಅಲ್ಲ. ಕಾಯಿಲಿನ ಇನ್ನೊಂದು ತುದಿಯನ್ನು ಅರ್ಥ್ ಮಾಡಬೇಕಲ್ಲ. ಅದನ್ನು ಟ್ರೇಲರಿನ ಮೈಗೆ, ಬಣ್ಣ ಕೆರೆದು, ವಾಷರು ಹಾಕಿ, ವಿಮಾನಕ್ಕೆ ಬಿಗಿಯುವಷ್ಟೇ ಶ್ರದ್ಧೆಯಿಂದ ಬಿಗಿದಿದ್ದ.

ಆ ವಾರ ಕಾರ್ಖಾನೆಯಿಂದ ಬಂದವನು ಬಟ್ಟೆ ಬದಲಿಸದೆ ಹಿತ್ತಲಿಗೆ ಇಳಿಯತೊಡಗಿದ. ತಂತಿಗೆ ತಾಗಿದ್ದ ಹುಲ್ಲನ್ನು ಕೆರೆದು ತೆಗೆದ. ಬಸಳೆ ಬಳ್ಳಿ ಮೇಲಿನ ಸಾಲಿಗೆ ಕೈ ಚಾಚಿದ್ದನ್ನು ಕಂಡು, "ಇದೇ ಕಳ್ಳಿ!" ಎಂದು ಕತ್ತರಿಸಿದ. ರಾತ್ರಿಯ ಊಟಕ್ಕೆ ಬಸಳೆ ಸಾರಾಯಿತು, ಬೆಳಿಗ್ಗೆ ಮುಂಗುಸಿಗೆ ಮೊಟ್ಟೆಯಾಯಿತು. ಬ್ಯಾಟರಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಒಯ್ದು ಚಾರ್ಜು ಮಾಡಿಸಿ ತಂದ. ಬಿರುಕು ಬಿಟ್ಟ ಪಿಂಗಾಣಿ ಬಿಲ್ಲೆ ಬದಲಿಸಿದ. ಪ್ರತಿ ಸಲವೂ ಸ್ಕ್ರೂಡ್ರೈವರಿನ ದಂಡವನ್ನು ಟ್ರೇಲರಿನ ಮೈಗೆ ಒತ್ತಿ, ತುದಿಯನ್ನು ತಂತಿಯ ಹತ್ತಿರ ತಂದರೆ ಚಟ್ಟೆಂದು ನೀಲಿ ಕಿಡಿ. ಕಿಡಿ ನೋಡಿ ಮುಂಗುಸಿಯ ಮೇಲೆ ಅವನಿಗೆ ನಿಜವಾದ ಸಿಟ್ಟು ಬಂತು. ಇಷ್ಟು ಒಳ್ಳೆಯ ತಂತಿ ಕಳಿಸಿದ ಮೇಲೂ ತಲುಪಲಿಲ್ಲ ಎಂದರೆ ತಪ್ಪು ಕಳಿಸಿದವನದ್ದೇ?

ಕಾರ್ಖಾನೆಯಲ್ಲಿ ಒಂದು ಪದ್ಧತಿ. ಮಾಡಿದವನೇ ತನ್ನ ಕೆಲಸವನ್ನು ಸರಿಯೆನ್ನುವಂತಿಲ್ಲ. ಇನ್ನೊಬ್ಬ ಬಂದು ನೋಡಿ ಸರಿಯೆನ್ನಬೇಕು. ಹಾಗಾಗಿ ಒಂದು ಬೆಳಿಗ್ಗೆ ಉಮಾನಾಥ ನರಸಿಂಹಮೂರ್ತಿಯವರನ್ನು ಕರೆದ. ಅವರು ಮೈಸೂರಿನವರು, ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದವರು, ಮೂಗಿನ ತುದಿಯಲ್ಲಿ ಕನ್ನಡಕ, ಬೆನ್ನ ಹಿಂದೆ ಕೈ. ಆದರೆ ಅವರು ಬಂದದ್ದು ಪರೀಕ್ಷೆಗಲ್ಲ, ಫಿರ್ಯಾದಿಗೆ.

"ಏನ್ರೀ ಉಮಾನಾಥ್, ನಿಮ್ ಕೋಳಿ ನಮ್ಮನೇಲಿ ಬಾಣಂತನ ಮಾಡಿಸ್ಕೊಳ್ತಿದೆ ಕಣ್ರೀ! ನಮ್ಮಾಕೆ ಮಡಿ ಪಂಚೆ ತೆಗೆಯೋಕೆ ಬುಟ್ಟೀಗೆ ಕೈ ಹಾಕಿದ್ರೆ ಬೆಚ್ಚಗೆ ಏನೋ ಸಿಕ್ತಂತೆ. ಮುಟ್ಟಿಬಿಟ್ಟಿದ್ದಾಳೆ! ಈಗ ಅವಳು ಸ್ನಾನಕ್ಕೆ ಹೋಗಿದ್ದಾಳೆ, ಮೊಟ್ಟೆ ಬುಟ್ಟೀಲಿದೆ, ನಾನು ಸಂಧ್ಯಾವಂದನೆಗೆ ಪ್ಯಾಂಟ್ ಹಾಕ್ಕೊಂಡು ಕೂತ್ಕೊಳ್ಳಲಾ?"

ಜಲಜಾಕ್ಷಿ ಓಡಿ ಹೋಗಿ ಮೊಟ್ಟೆ ಎತ್ತಿಕೊಂಡು ಬಂದಳು. ಕೆಲವು ದಿನಗಳಿಂದ ಕೋಳಿಗಳಿಗೆ ಗೂಡೇ ಬೇಡವಾಗಿತ್ತು. ಪೇರಲೆ ಮರ, ನರಸಿಂಹಮೂರ್ತಿಯವರ ಜಗಲಿ, ಕಲ್ಲಿದ್ದಲ ಡಬ್ಬ ಎಲ್ಲಿ ಬೇಕಾದರೂ ಕೂರುತ್ತಿದ್ದವು, ಟ್ರೇಲರಿಗೆ ಮಾತ್ರ ಹೋಗುತ್ತಿರಲಿಲ್ಲ.

"ಮುಂಗುಸಿಗೆ ಹೆದರಿವೆ ಸಾರ್. ಬೇಲಿ ಒಮ್ಮೆ ನೋಡಿಬಿಡಿ," ಎಂದ ಉಮಾನಾಥ.

ಬೇಲಿ ನೋಡುವುದೆಂದರೆ ನರಸಿಂಹಮೂರ್ತಿಯವರಿಗೆ ಸಿಟ್ಟು ಮರೆತುಹೋಗುತ್ತಿತ್ತು. ಬಗ್ಗಿ ಜೋಡಣೆ ನೋಡಿದರು. ಉಗುರಿನಿಂದ ನಟ್ಟು ಕೆರೆದರು. ಸ್ಕ್ರೂಡ್ರೈವರು ಇಸಿದುಕೊಂಡು ಟ್ರೇಲರಿನ ಮೈಗೊತ್ತಿ ತಂತಿಯ ಹತ್ತಿರ ತಂದರು. ಚಟ್!

"ಆಹಾ! ಸ್ಪಾರ್ಕ್ ಅಂದ್ರೆ ಇದು. ಬಾಂಡಿಂಗ್ ಪರ್ಫೆಕ್ಟ್. ಓಕೆ ಕಣ್ರೀ, ಹಾರಿಸಬಹುದು."

"ಹಾರುವುದು ಬೇಡ ಸಾರ್, ನಿಲ್ಲಿಸಿದ್ರೆ ಸಾಕು."

ಮಾತು ಮುಗಿಯುವ ಮುಂಚೆ ಮುಂಗುಸಿ ಬಂತು. ಇಬ್ಬರು ಅಧಿಕಾರಿಗಳ ಸಮಕ್ಷಮದಲ್ಲಿ ತಂತಿ ಮೂಸಿತು, ನುಸುಳಿತು, ಟ್ರೇಲರಿನ ಕೆಳಗೆ ಬಿದ್ದಿದ್ದ ಕೋಳಿ ಕಾಳಿನ ತಟ್ಟೆಯನ್ನು ಪರಿಶೀಲಿಸಿ ಏನೂ ಇಲ್ಲದ್ದಕ್ಕೆ ಬೇಸರಪಟ್ಟು ಹೊರಟಿತು. ನರಸಿಂಹಮೂರ್ತಿ ತಟ್ಟನೆ ಕೈ ಮುಗಿದರು.

"ಬಲಕ್ಕೆ ಹೋಯ್ತು ನೋಡಿ! ಮುಂಗುಸಿ ದರ್ಶನ ಶುಭ. ಇವತ್ತು ಏನೋ ಒಳ್ಳೇದಾಗುತ್ತೆ."

"ಯಾರಿಗೆ ಸಾರ್?" ಎಂದ ಉಮಾನಾಥ.

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಉಮಾನಾಥ ಕಾಯಿಲನ್ನೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ತಾಯತದಂತೆ ತಿರುಗಿಸಿ ನೋಡಿ, ಮತ್ತೆ ಜೋಡಿಸಿದ. ಬಿಸಿಲಿಗೆ ಹಿತ್ತಲಿನ ಕರಿಮಣ್ಣು ಬಿರಿದು ಬಾಯಿ ತೆರೆದಿತ್ತು. ಜಲಜಾಕ್ಷಿ ಒಳಗೆ ದೊಡ್ಡ ಬುಟ್ಟಿಯನ್ನು ಒರೆಸುತ್ತಿದ್ದಳು, ನಾಳೆಗೆ. ಆ ಒರೆಸುವ ಸದ್ದು ಅವನಿಗೆ ಫ್ಲ್ಯಾಶರಿಗಿಂತ ಜೋರಾಗಿ ಕೇಳಿಸುತ್ತಿತ್ತು.

ನರಸಿಂಹಮೂರ್ತಿ ಮತ್ತೆ ಬಂದರು. ಈ ಸಲ ಮೊಟ್ಟೆ ಅವರ ಆರಾಮ ಕುರ್ಚಿಯ ಕ್ಯಾನ್ವಾಸಿನ ಗುಳಿಯಲ್ಲಿ ಇತ್ತಂತೆ. ಅವರು ಆರಾಮವಾಗಿ ಕೂತರಂತೆ. ಆಮೇಲಿನದನ್ನು ಪಂಚೆಯೇ ಹೇಳುತ್ತಿತ್ತು.

"ಇದೇನ್ರೀ ಬೇಲಿ! ಸತ್ತಿದೆ ಕಣ್ರೀ, ಸತ್ತಿದೆ!" ಎಂದು ಕೂಗಿ, ಬಲಗೈಯಲ್ಲಿ ತಂತಿಯನ್ನೇ ಹಿಡಿದು ಅಲ್ಲಾಡಿಸಿದರು. "ನೋಡಿ, ಏನಾದ್ರೂ ಆಯ್ತಾ ನನಗೆ? ಏನಾದ್ರೂ..."

ಅವರಿಗೆ ಏನೂ ಆಗಲಿಲ್ಲ. ಫ್ಲ್ಯಾಶರು ಟಕ್ ಟಕ್ ಎನ್ನುತ್ತಲೇ ಇತ್ತು. ಉಮಾನಾಥ ಬಾಯಿಬಿಟ್ಟು ನೋಡುತ್ತಿದ್ದ. ಭಾಷಣಕ್ಕೆ ಆಸರೆ ಬೇಕೆನಿಸಿ ನರಸಿಂಹಮೂರ್ತಿ ಎಡಗೈಯನ್ನು ಟ್ರೇಲರಿನ ಮೇಲೆ ಊರಿದರು.

"ಅಯ್ಯಯ್ಯಯ್ಯಪ್ಪೋ!"

ಅವರು ಎಷ್ಟು ಎತ್ತರಕ್ಕೆ ಹಾರಿದರು ಎಂಬುದು ಕಾಲೊನಿಯಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ಇಳಿಯುವಾಗ ಒಂದು ಚಪ್ಪಲಿ ಪೇರಲೆ ಮರದಲ್ಲಿತ್ತು. ಮೊದಲು ಮೈಸೂರು ಕನ್ನಡದಲ್ಲಿ, ಆಮೇಲೆ ಸಂಸ್ಕೃತದಲ್ಲಿ, ಕೊನೆಗೆ ಯಾವ ಭಾಷೆಯೂ ಅಲ್ಲದ ಭಾಷೆಯಲ್ಲಿ ಮಾತಾಡಿದರು. ಜಲಜಾಕ್ಷಿ ಬಾಗಿಲಿಗೆ ಬಂದು ನೋಡಿ, ಸೆರಗು ಬಾಯಿಗೊತ್ತಿಕೊಂಡಳು.

"ಅದಕ್ಕೆ ಕೈ ಇಡಬಾರದು ಸಾರ್. ನನಗೂ ಮುಚ್ಚಳ ತೆಗೆಯುವಾಗ ಹೊಡೀತದೆ. ತೋಳು ತಂತಿಗೆ ತಾಗಿದ್ರೆ ಆಯ್ತು."

ಉಮಾನಾಥ ತಿರುಗಿದ. "ನಿಂಗೆ ಹೊಡೀತದಾ? ಯಾವಾಗಿಂದ?"

"ಬೇಲಿ ಕಟ್ಟಿದ ದಿನದಿಂದ. ಕೋಳಿಗಳಿಗೂ ಹೊಡೀತದೆ, ಗೂಡಿನ ಅಂಚಲ್ಲಿ ನಿಂತು ತಂತಿ ಕುಕ್ಕಿದ್ರೆ. ಅದಕ್ಕೇ ಅವು ಅಲ್ಲಿ ಮಲಗುವುದಿಲ್ಲ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಕರೆಂಟು ಬೇಲಿ ಅಂದ್ರೆ ಹೊಡೀಲಿಕ್ಕೇ ಅಲ್ವಾ? ನೀವು ಕಟ್ಟಿದ್ದು. ಹೊಡೆಯುವುದನ್ನು ಹೋಗಿ ದೂರು ಹೇಳ್ಲಿಕ್ಕುಂಟಾ? ಬರೇ ತಂತಿ ಮುಟ್ಟಿದ್ರೆ ಎಂತದೂ ಆಗುವುದಿಲ್ಲ. ನಾನು ಅದರ ಮೇಲೆ ದಿನಾ ಬಟ್ಟೆ ಒಣಗಿಸ್ತೇನೆ."

ಉಮಾನಾಥ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಏಟು ತಿಂದವರ ಯಾದಿ ಕಣ್ಮುಂದೆ ಬಂತು: ಹೆಂಡತಿ, ಕೋಳಿಗಳು, ಇನ್‌ಸ್ಪೆಕ್ಟರು. ಎಲ್ಲರೂ ಟ್ರೇಲರು ಮುಟ್ಟಿದವರು. ಮುಂಗುಸಿ ಟ್ರೇಲರು ಮುಟ್ಟಿರಲಿಲ್ಲ. ಅದು ನೆಲದ ಮೇಲೆ ನಿಂತು ತಂತಿ ಮೂಸುತ್ತಿತ್ತು. ಏಟು ತಂತಿಯಿಂದ ಹೊರಟರೆ ಅದರ ಮೈ ಹಾದು, ನೆಲ ಹಿಡಿದು, ಕಾಯಿಲಿಗೆ ವಾಪಸು ಬರಬೇಕು. ಆದರೆ ಕಾಯಿಲು ಕಟ್ಟಿಕೊಂಡದ್ದು ಟ್ರೇಲರನ್ನು. ಟ್ರೇಲರು ನಿಂತದ್ದು ರಬ್ಬರಿನ ಮೇಲೆ. ನೆಲಕ್ಕೂ ಅದಕ್ಕೂ ಮಾತುಕತೆಯೇ ಇಲ್ಲ.

"ಸಾರ್," ಎಂದ ನಿಧಾನಕ್ಕೆ. "ವಿಮಾನದಲ್ಲಿ ಅರ್ಥ್ ಎಲ್ಲಿಗೆ ಕೊಡ್ತೇವೆ?"

"ಬಾಡಿಗೆ ಕಣ್ರೀ. ಇನ್ನೆಲ್ಲಿಗೆ ಕೊಡ್ತಾರೆ? ಆಕಾಶದಲ್ಲಿ ಗುಂಡಿ ತೋಡ್ತೀರಾ?" ನರಸಿಂಹಮೂರ್ತಿ ಎಡಗೈ ಒತ್ತಿಕೊಳ್ಳುತ್ತ ಗದರಿದರು. ಗದರಿದವರು ಟ್ರೇಲರು ನೋಡಿದರು. ಟಯರು ನೋಡಿದರು. ಮರದ ದಿಮ್ಮಿ ನೋಡಿದರು. ಕನ್ನಡಕ ತೆಗೆದರು. "ಅಯ್ಯೋ ರಾಮ. ನಾವಿಬ್ರೂ ಇದನ್ನ ವಿಮಾನ ಮಾಡ್ಬಿಟ್ವಾ?"

"ಹಾರಿಸಬಹುದು ಅಂತ ನೀವೇ ಹೇಳಿದ್ದಲ್ಲವಾ ಸಾರ್."

"ಹಾರಿದ್ದು ನಾನು."

ಇಬ್ಬರೂ ವಿಮಾನದ ಮಂದಿ. ವರ್ಷಗಟ್ಟಲೆ ಮೈಯನ್ನೇ ಭೂಮಿಯೆಂದು ನಂಬಿ ತಂತಿ ಬಿಗಿದವರು, ಮೈಗೇ ಸ್ಕ್ರೂಡ್ರೈವರು ಒತ್ತಿ ಕಿಡಿ ನೋಡಿ ಸರಿಯೆಂದವರು. ಕಾಲ ಕೆಳಗೆ ಇಡೀ ಮಹಾರಾಷ್ಟ್ರದ ಭೂಮಿ ಬಿದ್ದಿದೆ, ಅದಕ್ಕೊಂದು ಗೂಟ ಹೊಡೆಯುವುದು ಇಬ್ಬರ ತಲೆಗೂ ಹೊಳೆದಿರಲಿಲ್ಲ. ಅರ್ಥ್ ಇಲ್ಲದ ಬೇಲಿ ವ್ಯರ್ಥ ಎಂದು ಉಮಾನಾಥ ಗೊಣಗಿಕೊಂಡ. ನಗು ಬರಲಿಲ್ಲ, ಸುತ್ತಿಗೆ ತರಲು ಎದ್ದ.

ಕಬ್ಬಿಣದ ಸಲಾಕೆ ಒಣ ಮಣ್ಣಿನಲ್ಲಿ ಗೇಣುದ್ದ ಇಳಿದು ಹಟ ಹಿಡಿಯಿತು. ಟ್ರೇಲರಿನ ತಂತಿ ಬಿಚ್ಚಿ ಅದಕ್ಕೆ ಕಟ್ಟಿ, ಉಮಾನಾಥ ಬರಿಗಾಲಿನಲ್ಲಿ ನಿಂತು, ದೇವರನ್ನು ನೆನೆದು, ಬೆರಳು ಚಾಚಿದ. ಇರುವೆ ಕಚ್ಚಿದಂತಾಯಿತು.

"ಇಷ್ಟಕ್ಕೆ ಮುಂಗುಸಿಗೆ ಮೂಗು ತುರಿಸಬಹುದು ಅಷ್ಟೆ," ಎಂದ. "ಮಣ್ಣು ಒಣಗಿದೆ, ಕರೆಂಟು ಹರಿಯುವುದಿಲ್ಲ. ನೀರು ಬೇಕು."

"ಬಚ್ಚಲ ನೀರು ಹೋಗುವ ಕಡೆ ವರ್ಷವಿಡೀ ಕೆಸರಲ್ವಾ," ಎಂದಳು ಜಲಜಾಕ್ಷಿ. ಅವಳು ಬುಟ್ಟಿ ಒರೆಸುವುದನ್ನು ನಿಲ್ಲಿಸಿದ್ದಳು.

ಅಲ್ಲಿ ಸಲಾಕೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಸುತ್ತ ಒಂದು ಹಿಡಿ ಉಪ್ಪು, ಒಲೆಯ ಇದ್ದಲು. ಬೇಲಿಯ ಉದ್ದಕ್ಕೂ ಮೂವರೂ ಕೊಡಗಟ್ಟಲೆ ನೀರು ಸುರಿದರು. ಗೂಡಿಗೆ ತೀರ ಹತ್ತಿರವಿದ್ದ ತಂತಿಯನ್ನು ಎರಡು ಮಾರು ದೂರಕ್ಕೆ ಸರಿಸಿದ್ದಾಯಿತು. ಉಮಾನಾಥ ಮತ್ತೆ ಬೆರಳು ಚಾಚಿದ. ಆ ಸಲ ಅವನ ಬಾಯಿಂದ ಹೊರಟದ್ದು ತುಳು. ಅದರ ಅನುವಾದ ಬೇಡ. ನೆಲದ ಮೇಲೆ ಕೂತುಬಿಟ್ಟವನು ತೋಳು ಹಿಡಿದುಕೊಂಡು ನಗುತ್ತಿದ್ದ.

"ಸಾರ್, ಈಗ ನೀವು ನೋಡಿ ಓಕೆ ಅನ್ನಬೇಕು. ಪದ್ಧತಿ."

"ನಂದು ಆಗಿದೆ ಕಣ್ರೀ," ಎಂದು ನರಸಿಂಹಮೂರ್ತಿ ಪೇರಲೆ ಮರದಿಂದ ಚಪ್ಪಲಿ ಇಳಿಸಿಕೊಂಡು ಮನೆಗೆ ಹೋದರು.

ಭಾನುವಾರ ಬೆಳಿಗ್ಗೆ ಟೆಂಪೊ ಬಂತು. ಜಲಜಾಕ್ಷಿ ಮಾತಿಗೆ ತಪ್ಪುವವಳಲ್ಲ. ಕೋಳಿಗಳನ್ನು ಮರದಿಂದ, ಡಬ್ಬದಿಂದ ಹಿಡಿದು ತಂದು ಬುಟ್ಟಿಗೆ ತುಂಬಿ ಹಳೆಯ ಸೀರೆ ಹೊದಿಸಿದ್ದಳು. ಆಹೇರ್ ವಹಿನಿಯ ಮೈದುನ ಬೀಡಿ ಆರಿಸಿ, "ಚಲಾ, ಉಶೀರ್ ಹೋತೊಯ್," ಹೊತ್ತಾಯಿತು, ಎಂದ.

"ಒಂದು ಚಾ ಕುಡೀರಿ ಭಾವೂ," ಎಂದ ಉಮಾನಾಥ. ಅವನ ಕಣ್ಣು ದ್ರಾಕ್ಷಿ ತೋಟದ ಕಡೆಗಿತ್ತು. ಬೇಲಿಯೊಳಗೆ, ಖಾಲಿ ಗೂಡಿನ ಮುಂದೆ, ಒಂದು ಮೊಟ್ಟೆ ಇಟ್ಟಿದ್ದ. ಸಂಜೆಯಿಂದ ಮೂರು ಸಲ ನೀರು ಚಿಮುಕಿಸಿದ್ದ.

ಚಹಾ ಮುಗಿಯಿತು. ಇನ್ನೊಂದು ಚಹಾ ಬಂತು. ಮುಂಗುಸಿ ಬರಲಿಲ್ಲ. ಬೇಡವಾದಾಗ ದಿನವೂ ಬಂದದ್ದು ಬೇಕಾದ ದಿನ ರಜೆ ಹಾಕಿತ್ತು. ಮೈದುನ ಎದ್ದು ಬುಟ್ಟಿಗೆ ಕೈ ಹಾಕಿದ. ಜಲಜಾಕ್ಷಿ ಸೀರೆಯ ಅಂಚನ್ನು ಬುಟ್ಟಿಯ ಸುತ್ತ ಸಿಕ್ಕಿಸಿದಳು. ಒಳಗಿನಿಂದ ಒಂದು ಕೋಳಿ ಕೊರ್ರೆಂದಿತು. ಅವಳು ಅದಕ್ಕೆ ತುಳುವಿನಲ್ಲಿ, ಬಹಳ ಮೆಲ್ಲಗೆ, ಏನೋ ಹೇಳಿದಳು.

"ಬಂತು!" ಎಂದರು ನರಸಿಂಹಮೂರ್ತಿ ತಮ್ಮ ಜಗಲಿಯಿಂದ, ಗುಡಿಯಲ್ಲಿ ಮಾತಾಡುವ ದನಿಯಲ್ಲಿ.

ಮುಂಗುಸಿ ಹಾದಿಯಲ್ಲಿ ನಿಂತು ಎಲ್ಲರನ್ನೂ ನೋಡಿತು. ಇಷ್ಟು ಜನರ ಸ್ವಾಗತ ಅದಕ್ಕೆ ಹೊಸದು. ಮುಂದೆ ಬಂದು, ಒದ್ದೆ ನೆಲದ ಮೇಲೆ ಮುಂಗಾಲಿಟ್ಟು, ರೂಢಿಯಂತೆ ಮೂಗು ಚಾಚಿ ತಂತಿ ಮೂಸಿತು.

ಟಕ್.

ಒಂದು ಚೀತ್ಕಾರ. ಬಾಟಲು ತೊಳೆಯುವ ಬ್ರಶ್ಶಿನಂತೆ ಎದ್ದು ನಿಂತ ಬಾಲ. ಮುಂಗುಸಿ ಹಿಂದಕ್ಕೆ ಪಲ್ಟಿ ಹೊಡೆದು, ಬಿದ್ದಲ್ಲಿಂದ ಎದ್ದು, ತನಗೆ ಹೊಡೆದವರು ಯಾರೆಂದು ಸುತ್ತ ನೋಡಿ, ಯಾರೂ ಕಾಣದೆ ಇನ್ನಷ್ಟು ಹೆದರಿ, ನರಸಿಂಹಮೂರ್ತಿಯವರ ಅಂಗಳ ಸೀಳಿಕೊಂಡು ದ್ರಾಕ್ಷಿ ತೋಟಕ್ಕೆ ಓಡಿತು.

"ಎಡಕ್ಕೆ ಹೋಯ್ತಲ್ರೀ," ಎಂದು ಅವರು ಚಡಪಡಿಸಿದರು. "ಅಪಶಕುನ!"

"ಅದಕ್ಕೆ ಸಾರ್! ನಮಗಲ್ಲ!" ಎಂದು ಉಮಾನಾಥ ಕೂಗಿದ.

ಆಹೇರ್ ವಹಿನಿ ಸಟಾಣಾಕ್ಕೆ ಕೇಳುವಂತೆ ಚಪ್ಪಾಳೆ ಹೊಡೆದಳು. ಜಲಜಾಕ್ಷಿ ಮೈದುನನ ಕೈಯಿಂದ ಬುಟ್ಟಿ ಕಿತ್ತುಕೊಂಡು, "ನಾಹೀ ದೇತ್ ಭಾವೂ, ರಾಗ್ ಮಾನೂ ನಕಾ," ಕೊಡುವುದಿಲ್ಲ, ಬೇಸರ ಮಾಡಬೇಡಿ, ಎಂದವಳೇ ಬೇಲಿಯೊಳಗೆ ಹೋಗಿ ಸೀರೆ ಎಳೆದಳು.

ಕೋಳಿಗಳು ಹೊರಗೆ ಬಂದವು. ಟ್ರೇಲರು ನೋಡಿದವು. ಒಂದೂ ಹತ್ತಲಿಲ್ಲ. ಅಷ್ಟು ದಿನ ಏಟು ತಿಂದವಕ್ಕೆ ಅರ್ಥ್ ಬದಲಿಸಿದ ಸಂಗತಿ ಯಾರು ಹೇಳಬೇಕು? ಎತ್ತಿ ಒಳಗಿಟ್ಟರೆ ಹೊರಗೆ ಹಾರಿದವು. ಕಾಳು ಚೆಲ್ಲಿದರೆ ಕತ್ತು ಚಾಚಿ ದೂರದಿಂದಲೇ ನೋಡಿದವು.

"ಹೀಗೆ ಆಗುವುದಿಲ್ಲ," ಎಂದ ಉಮಾನಾಥ. ಬ್ಯಾಟರಿಯ ತಂತಿ ಕಳಚಿದ, ಎರಡು ಸಲ ನೋಡಿಕೊಂಡ, ಮುಚ್ಚಳ ಎತ್ತಿ ಟ್ರೇಲರಿನೊಳಗೆ ತಾನೇ ಇಳಿದ. ವಿಮಾನದ ಹೊಟ್ಟೆಗೆ ತೂರುವ ಅಭ್ಯಾಸದವನಿಗೆ ಅದೇನೂ ಕಷ್ಟವಲ್ಲ. ಆದರೆ ಅಲ್ಲಿ ಮುಖ ಒಳಗಿದ್ದು ಕಾಲು ಹೊರಗಿರುತ್ತಿತ್ತು. ಇಲ್ಲಿ ಮೈಯೆಲ್ಲ ಒಳಗೆ, ಮುಖ ಮಾತ್ರ ಹೊರಗೆ. ಅಂಚಿನ ಮೇಲೆ ಗದ್ದವಿಟ್ಟು, ಗಂಟಲು ಸರಿಮಾಡಿಕೊಂಡು, ಫೋರ್‌ಮನ್ ಉಮಾನಾಥ ಹೇಟೆಯ ದನಿಯಲ್ಲಿ ಕರೆದ: "ಕೊಕ್... ಕೊಕ್ಕೊಕ್ಕೊಕ್..."

"ಕಾಯ್ ಝಾಲಂ ತ್ಯಾಂನಾ?" ಅವರಿಗೇನಾಯಿತು, ಎಂದು ಆಹೇರ್ ವಹಿನಿ ಗಾಬರಿಯಾದಳು.

ಜಲಜಾಕ್ಷಿ ಹೇಳಲು ಹೋದಳು, ನಗು ಬಂದು ಆಗಲಿಲ್ಲ. ಬೇಲಿಗೂಟ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮರಾಠಿಯಲ್ಲಿ ಶುರುಮಾಡಿ ತುಳುವಿಗೆ ಜಾರಿ ಕನ್ನಡದಲ್ಲಿ ಮುಗಿಸಿದಳು. ಯಾರಿಗೂ ಏನೂ ತಿಳಿಯಲಿಲ್ಲ, ಎಲ್ಲರೂ ನಕ್ಕರು. ಕೆಂಪು ಹೇಟೆಯೊಂದು ಎರಡು ಹೆಜ್ಜೆ ಮುಂದೆ ಬಂದು, ತಲೆ ಓರೆಮಾಡಿ, ಗೂಡಿನಲ್ಲಿ ಕೂತ ಆ ದೊಡ್ಡ ಕೋಳಿಯನ್ನು ಬಹಳ ಹೊತ್ತು ನೋಡಿತು.

"ಇನ್ನೊಮ್ಮೆ ಕೂಗಿ ಮಾರಾಯ್ರೆ," ಎಂದಳು ಜಲಜಾಕ್ಷಿ. "ಬರ್ತಾ ಉಂಟು."